ಮಾರುವ ದಿನಕ್ಕಾಗಿ ಕೊಳ್ಳುವ ಕಾರು

ಕಡಲೆ ಮಾರಿ ಕೈಯಲ್ಲಿ ನಾಲ್ಕು ದುಡ್ಡು ಆಡುವ ಹೊತ್ತಿಗೆ ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಏಳುತ್ತದೆ. ಯಾರ ಮನೆಯಲ್ಲಿ ಎದ್ದರೂ ಸಲಹೆ ಒಂದೇ: "ಸುಮ್ನ ಮಾರುತಿ ತಗೋ, ಅದರಾಗೂ ಡೀಸೆಲ್ ತಗೋ. ನಾಳೆ ಮಾರಾಕ ಹೋದ್ರ ರೇಟ್ ಬರ್ತೈತಿ. ದೊಡ್ಡ ಕಾರಿನ ಗೊಡವಿಗೆ ಹೋಗಬ್ಯಾಡ, ಅದು ಬಿಳಿ ಆನಿ." ಹೇಳುವವರು ಹಿತ ಬಯಸಿಯೇ ಹೇಳುತ್ತಾರೆ. ಬಾಡಿಗೆಗೆ ಗಾಡಿ ಓಡಿಸುವವನಿಗೆ ಈ ಮಾತು ಸರಿ. ಹೊಸ ಕಾರು ಕೊಂಡು ಮೂರು ವರ್ಷಕ್ಕೆ ಬದಲಾಯಿಸುವವನಿಗೂ ಸರಿ. ಆದರೆ ಹತ್ತು ವರ್ಷ ದಾಟಿದ ಗಾಡಿಯನ್ನು ಕೊಂಡು, ತಿಂಗಳಿಗೆರಡು ಸಲ ಹುಬ್ಬಳ್ಳಿಗೆ ಹೋಗಿ ಬಂದು, ಅದು ನಿಲ್ಲುವವರೆಗೆ ಇಟ್ಟುಕೊಳ್ಳುವ ಮನೆಗೆ ಇದು ತಪ್ಪು ಸಲಹೆ. ನಮ್ಮ ಮೂರು ತಾಲೂಕಿನಲ್ಲಿ ಹಳೇ ಕಾರು ಕೊಳ್ಳುವವರಲ್ಲಿ ಬಹಳ ಮಂದಿ ಇಂಥವರೇ.

'ರೇಟ್ ಬರ್ತೈತಿ' ಎಂಬುದನ್ನೇ ಮೊದಲು ಹಿಡಿಯೋಣ. ಮಾರುವಾಗ ಬರುವ ರೇಟು ಆಕಾಶದಿಂದ ಬರುವುದಿಲ್ಲ. ಕೊಳ್ಳುವ ದಿನ ಅದನ್ನು ನಾವೇ ಕೊಟ್ಟಿರುತ್ತೇವೆ. ಮಾರುತಿ ಕಂಪನಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹೊಸದು ಬರುವುದಿಲ್ಲ, ಬೇಡಿಕೆ ಇಳಿದಿಲ್ಲ, ಹಾಗಾಗಿ ಹಳೇ ಡಿಜೈರ್ ಡೀಸೆಲ್ಲಿನ ಬೆಲೆ ಬಿಗಿಯಾಗಿಯೇ ನಿಂತಿದೆ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿ, ಮೂರು ಕೈ ದಾಟಿ ಬಂದ ಗಾಡಿಗೂ ಹೆಸರಿನ ಬೆಲೆ ಬೇರೆ ಕೊಡಬೇಕು. ಇತ್ತ ಅದೇ ವಯಸ್ಸಿನ ಪೆಟ್ರೋಲ್ ಕೊರೊಲಾ ಆಲ್ಟಿಸ್ ಅಥವಾ ಹೋಂಡಾ ಸಿವಿಕ್ ಹೊಸದಿದ್ದಾಗ ಅದರ ದುಪ್ಪಟ್ಟು ಬೆಲೆಯದ್ದಾದರೂ ಇಂದು ಅದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಅವುಗಳ ಮೊದಲ ಒಡೆಯನ ನಷ್ಟ ಆಗಿ ಮುಗಿದಿದೆ. ಆ ನಷ್ಟದ ಹೆದರಿಕೆಯನ್ನು ನಾಲ್ಕನೆಯವನು ಯಾಕೆ ಹೊರಬೇಕು?

ಡೀಸೆಲ್ಲಿನ ಭಕ್ತಿಗೂ ಒಂದು ಕಾಲವಿತ್ತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41. ಮೂವತ್ತು ರೂಪಾಯಿಗೂ ಹೆಚ್ಚಿನ ಅಂತರ. ಆಗ ಡೀಸೆಲ್ ಕೊಂಡವನು ಜಾಣ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಈಗ ಕರ್ನಾಟಕದಲ್ಲಿ ಅಂತರ ಹನ್ನೆರಡು ರೂಪಾಯಿಯ ಆಸುಪಾಸು. ಕಾರಣ ಹೋಗಿ ಹತ್ತು ವರ್ಷದ ಮೇಲಾಯಿತು, ಮಾತು ಮಾತ್ರ ಕಟ್ಟೆಯ ಮೇಲೆ ಹಾಗೇ ಕೂತಿದೆ.

ಕೈಯಲ್ಲಿ ನಾಲ್ಕು ಲಕ್ಷ ಇದೆ ಎಂದು ಹಿಡಿದು ಲೆಕ್ಕ ಹಾಕೋಣ. ಒಂದು ದಾರಿ, ನಾಲ್ಕೂ ಲಕ್ಷ ಸುರಿದು ಡಿಜೈರ್ ಡೀಸೆಲ್. ಇನ್ನೊಂದು, ಎರಡೂ ಮುಕ್ಕಾಲು ಲಕ್ಷಕ್ಕೆ 2011-12ರ ಆಲ್ಟಿಸ್ ಪೆಟ್ರೋಲ್, ಉಳಿದ ಒಂದೂಕಾಲು ಲಕ್ಷ ಬ್ಯಾಂಕಿನಲ್ಲಿ. ವರ್ಷಕ್ಕೆ 6,000 ಕಿಲೋಮೀಟರ್ ಓಡಾಟ. ನಮ್ಮ ಕಡೆ ಸಿಗ್ನಲ್ಲು, ಟ್ರಾಫಿಕ್ಕು ಕಡಿಮೆ; ಆಲ್ಟಿಸ್ ಲೀಟರಿಗೆ ಹನ್ನೆರಡೂವರೆ ಕೊಟ್ಟರೆ 480 ಲೀಟರ್, 103ರ ದರದಲ್ಲಿ 49,440 ರೂಪಾಯಿ. ಡಿಜೈರ್ ಇಪ್ಪತ್ತು ಕೊಟ್ಟರೆ 300 ಲೀಟರ್, 91ರ ದರದಲ್ಲಿ 27,300. ಥರ್ಡ್ ಪಾರ್ಟಿ ವಿಮೆಯ ಕಂತು 1500 ಸಿಸಿಯೊಳಗಿನ ಡಿಜೈರ್‌ಗೆ 3,416, ಅದನ್ನು ಮೀರಿದ ಆಲ್ಟಿಸ್‌ಗೆ 7,897. ಎರಡೂ ಕೂಡಿದರೆ ದೊಡ್ಡ ಕಾರಿಗೆ ವರ್ಷಕ್ಕೆ ಇಪ್ಪತ್ತಾರೂವರೆ ಸಾವಿರ ಹೆಚ್ಚು. ಐದು ವರ್ಷ ಬಿಟ್ಟು ಮಾರುವಾಗ ಡಿಜೈರ್‌ಗೆ ಎರಡು ಲಕ್ಷ, ಆಲ್ಟಿಸ್‌ಗೆ ಬರೀ ಒಂದು ಲಕ್ಷ ಬಂತೆನ್ನಿ. ಊರ ಮಂದಿ "ಹೇಳಿದ್ದಿಲ್ಲೇನ?" ಎನ್ನುತ್ತಾರೆ. ಆದರೆ ಡಿಜೈರ್ ಕಳೆದದ್ದು ಎರಡು ಲಕ್ಷ, ಆಲ್ಟಿಸ್ ಕಳೆದದ್ದು ಒಂದೂ ಮುಕ್ಕಾಲು. ರೇಟು ಬರುವ ಕಾರೇ ಹೆಚ್ಚು ಕಳೆದಿದೆ.

ಹಾಗಾದರೆ ದೊಡ್ಡ ಕಾರು ಅಗ್ಗವೇ? ಅಲ್ಲ. ಎಲ್ಲ ಕೂಡಿ ಕಳೆದರೆ ಅದು ವರ್ಷಕ್ಕೆ ಇಪ್ಪತ್ತೆರಡು ಸಾವಿರದಷ್ಟು ಹೆಚ್ಚು ಕೇಳುತ್ತದೆ, ರಿಪೇರಿ ಬೇರೆ. ಬಿಳಿ ಆನೆ ಎನ್ನುವುದಾದರೆ ಅದರ ಮೇವು ಇಷ್ಟು: ತಿಂಗಳಿಗೆ ಎರಡು ಸಾವಿರದ ಒಳಗೆ, ಮೇಲೆ ಎತ್ತಿಟ್ಟ ಒಂದೂಕಾಲು ಲಕ್ಷದಲ್ಲಿ ಆಗಾಗ ಒಂದು ಪಾಲು. ಮನೆ ಮುಳುಗಿಸುವ ಖರ್ಚು ಇದಲ್ಲ. ಓಡಾಟ ವರ್ಷಕ್ಕೆ 15,000 ಕಿಲೋಮೀಟರ್ ಆದರೆ ಮಾತ್ರ ಇಂಧನದ ಅಂತರವೇ 55 ಸಾವಿರಕ್ಕೆ ಏರುತ್ತದೆ. ಆಗ ಕಟ್ಟೆಯ ಸಲಹೆಯೇ ಗೆಲ್ಲುತ್ತದೆ, ನಾನು ಒಪ್ಪುತ್ತೇನೆ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ 'ಮಾರಿದರೆ ಎಷ್ಟು ಬರುತ್ತದೆ' ಎಂಬುದಲ್ಲ, 'ವರ್ಷಕ್ಕೆ ಎಷ್ಟು ಓಡಿಸುತ್ತೀರಿ' ಎಂಬುದು. ಇದನ್ನು ಕೇಳುವ ಏಜೆಂಟ್ ಅಪರೂಪ.

ಆ ಇಪ್ಪತ್ತೆರಡು ಸಾವಿರಕ್ಕೆ ಏನು ಸಿಗುತ್ತದೆ ಎಂಬಲ್ಲಿ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇದನ್ನು ಯಾರೂ ತೂಗುವುದೇ ಇಲ್ಲ. 2014ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಗುದ್ದಿಸಿ ನೋಡಿ, ದೊಡ್ಡವರ ರಕ್ಷಣೆಗೆ ಸೊನ್ನೆ ಸ್ಟಾರ್ ಕೊಟ್ಟಿತು. ಆ ಕಾಲದ ಡಿಜೈರ್ ಕೂಡ ಸ್ವಿಫ್ಟಿನ ಮೇಲೆಯೇ ಕಟ್ಟಿದ್ದು. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಅಲ್ಲಿಯವರೆಗೆ ಸಣ್ಣ ಕಾರಿನ ಕೆಳ ಮಾದರಿಗಳಲ್ಲಿ ಏರ್‌ಬ್ಯಾಗ್ ಎಂಬುದೇ ಇಲ್ಲದ್ದು ಸಾಮಾನ್ಯ. ಊರಿಗೆ ಅಗ್ಗಕ್ಕೆ ಬರುವುದೂ ಅಂಥ ಮಾದರಿಗಳೇ. ಅದೇ ಕಾಲದ ಆಲ್ಟಿಸ್, ಸಿವಿಕ್‌ಗಳಲ್ಲಿ ಸಾಮಾನ್ಯವಾಗಿ ಎರಡು ಏರ್‌ಬ್ಯಾಗ್, ಎಬಿಎಸ್ ಇರುತ್ತಿದ್ದವು. ನರಗುಂದ ಇರುವುದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲೆ. ಹಗಲೂ ರಾತ್ರಿ ಲಾರಿ ಓಡುವ ದಾರಿ. ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಬೇರೆ. ಮುದಿ ತಾಯಿಯನ್ನು ಹಿಂದೆ ಮಲಗಿಸಿಕೊಂಡು ರಾತ್ರಿ ಹುಬ್ಬಳ್ಳಿಯ ಆಸ್ಪತ್ರೆಗೆ ಓಡುವವನಿಗೆ ಬ್ರೇಕು, ಏರ್‌ಬ್ಯಾಗು, ಹಿಂದಿನ ಸೀಟಿನ ಅಗಲ ಯಾವುದೂ ಶೋಕಿಯಲ್ಲ. "ದೊಡ್ಡ ಕಾರ್ ಬೇಕೇನ್ಪಾ ನಿನಗ?" ಎಂದು ಅವನನ್ನು ಚುಚ್ಚುವವರು ಇದನ್ನು ತಿಳಿಯಬೇಕು.

ಒಂದು ಎಚ್ಚರಿಕೆಯೂ ಇಲ್ಲಿಯೇ ಬೇಕು. ಟಕಾಟಾ ಕಂಪನಿಯ ಏರ್‌ಬ್ಯಾಗ್ ದೋಷದಿಂದಾಗಿ ಟೊಯೊಟಾ, ಹೋಂಡಾ ಎರಡೂ ಭಾರತದಲ್ಲಿ ಕೊರೊಲಾ, ಸಿವಿಕ್‌ಗಳನ್ನು ಹಿಂದಕ್ಕೆ ಕರೆಸಿ ಆ ಭಾಗವನ್ನು ಬದಲಿಸಿ ಕೊಟ್ಟಿವೆ. ನೀವು ನೋಡುವ ಕಾರಿಗೆ ಆ ಕೆಲಸ ಆಗಿದೆಯೇ ಎಂದು ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಲೇಬೇಕು. ಆಗಿಲ್ಲದಿದ್ದರೆ ಆಗುವವರೆಗೆ ವ್ಯವಹಾರ ಬೇಡ.

ಇನ್ನು ಎದುರು ವಾದದ ಗಟ್ಟಿ ಭಾಗ, ರಿಪೇರಿ. ರೋಣದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಮಾರುತಿ, ಬೊಲೆರೊ, ಟಾಟಾ ಏಸ್ ಬಿಚ್ಚಿ ಕೂಡಿಸುವ ಮಿಸ್ತ್ರಿಗಳಿದ್ದಾರೆ. ಆಲ್ಟಿಸ್‌ಗೆ ದೊಡ್ಡ ಕೆಲಸ ಬಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆಯೇ ಗತಿ. ಬೆಲೆ ಬಿದ್ದದ್ದು ಕಾರಿನದು, ಬಿಡಿಭಾಗಗಳದ್ದಲ್ಲ. ಅವು ಇಂದಿಗೂ ದೊಡ್ಡ ಕಾರಿನ ದರದಲ್ಲಿಯೇ ಸಿಗುತ್ತವೆ. ಇದು ನಿಜ. ಆದರೆ ಇಲ್ಲಿಂದ 'ದೊಡ್ಡ ಕಾರೆಲ್ಲ ಬಿಳಿ ಆನೆ' ಎಂಬ ತೀರ್ಮಾನಕ್ಕೆ ಹಾರುವುದು ಸೋಮಾರಿತನ. ಆಲ್ಟಿಸ್, ಸಿವಿಕ್‌ಗಳ 1.8 ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಟರ್ಬೊ ಇಲ್ಲ, ಡೀಸೆಲ್ಲಿನ ದುಬಾರಿ ಇಂಜೆಕ್ಟರ್–ಪಂಪು ಇಲ್ಲ, ಟೈಮಿಂಗಿಗೆ ಬೆಲ್ಟಿನ ಬದಲು ಚೈನ್ ಇದೆ. ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್, ಪ್ಲಗ್ ಬದಲಿಸಲು ಊರ ಮಿಸ್ತ್ರಿಯೇ ಸಾಕು. ಸಾಮಾನು ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತದೆ.

ಆನೆ ಎಂಬ ಮಾತು ಒಪ್ಪುವ ಕಾರುಗಳು ಬೇರೆ ಇವೆ, ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ ಮರುಳಾಗುವುದೂ ಅವಕ್ಕೇ. "ಸ್ವಿಫ್ಟಿನ ರೊಕ್ಕಕ್ಕ ಸೂಪರ್ಬ್ ಬರ್ತೈತಿ ಕಾಕಾ" ಎಂಬ ಉಮೇದಿಗೆ ನಾನು ಬೆಂಬಲ ಕೊಡಲಾರೆ. ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್‌ನ ತೊಂದರೆಗಾಗಿ ಫೋಕ್ಸ್‌ವ್ಯಾಗನ್ ಗುಂಪು 2013ರಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿತ್ತು. ಅದೇ ಗುಂಪಿನ ಸ್ಕೋಡಾ ಸೂಪರ್ಬ್‌ನ ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿ ಇರುವುದು ಏಳು ಗೇರಿನ ಡಿಎಸ್‌ಜಿಯೇ. ಅದು ಕೆಟ್ಟರೆ ಬಿಲ್ಲು ಕಾರಿನ ಬೆಲೆಯ ದೊಡ್ಡ ಪಾಲನ್ನು ನುಂಗುತ್ತದೆ. ಸ್ಕೋಡಾದ್ದೇ ಆದ ಲಾರಾ ಡೀಸೆಲ್ಲಿನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಅದನ್ನು ಮುಟ್ಟಬಾರದು. ಷೆವರ್ಲೆ ಕ್ರೂಜ್ ಓಡಿಸಲು ಸೊಗಸು, ಆದರೆ ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿ ಹೋಯಿತು. ಸಣ್ಣ ಊರಿನವನು ಅದರ ಸಾಮಾನಿಗಾಗಿ ಊರೂರು ಅಲೆಯಬೇಕು. ಸಿವಿಕ್‌ಗೂ ಒಂದು ಕುಂದಿದೆ: ಉದ್ದ ಹೆಚ್ಚು, ನೆಲಕ್ಕೆ ಹತ್ತಿರ. ಹಳ್ಳಿಗಳ ಎತ್ತರದ ಹಂಪಿನಲ್ಲಿ ಐದು ಜನ ಕೂತರೆ ಹೊಟ್ಟೆ ಉಜ್ಜುತ್ತದೆ. ನನ್ನ ಆಯ್ಕೆ ಆಲ್ಟಿಸ್, ಮ್ಯಾನುವಲ್ ಗೇರು.

ಇಪ್ಪತ್ತು ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಬಂಕುಗಳಿಗೂ ಬಂದಿದೆ, ಆಲ್ಟಿಸ್‌ನಂಥ ಹಳೇ ಎಂಜಿನ್ನುಗಳು ಅದಕ್ಕಾಗಿ ಮಾಡಿದ್ದಲ್ಲ. ಮೈಲೇಜು ಸ್ವಲ್ಪ ಇಳಿಯುತ್ತದೆ. ಇಂಧನದ ರಬ್ಬರ್ ಪೈಪುಗಳನ್ನು ವರ್ಷಕ್ಕೊಮ್ಮೆ ನೋಡಿಸಿ, ಬಿರುಕಿದ್ದರೆ ಬದಲಿಸಬೇಕು. ಇದೂ ಆ ಮೀಸಲು ಹಣದ ಲೆಕ್ಕಕ್ಕೇ ಸೇರಲಿ.

ನಾಲ್ಕು ಲಕ್ಷಕ್ಕೆ ಹೊಸ ಕಾರೇ ಬರುತ್ತದಲ್ಲ ಎನ್ನುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ಆಲ್ಟೊ ಕೆ10ರ ಆರಂಭದ ಶೋರೂಂ ಬೆಲೆ 3.70 ಲಕ್ಷಕ್ಕೆ ಬಂತು, ಆರು ಏರ್‌ಬ್ಯಾಗ್ ಸಮೇತ. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ ನಾನೂ ಅದನ್ನೇ ಹೇಳುತ್ತೇನೆ. ತೆರಿಗೆ, ವಿಮೆ ಸೇರಿ ರಸ್ತೆಗಿಳಿಯುವಾಗ ನಾಲ್ಕು ಲಕ್ಷ ದಾಟುತ್ತದೆ, ಆದರೆ ಕೊರತೆಗೆ ಬ್ಯಾಂಕ್ ಸಾಲ ಸಿಗುತ್ತದೆ. ಅಜ್ಜ, ಅಜ್ಜಿ ಸೇರಿ ಐದು ಜನರ ಮನೆಗೆ ಮಾತ್ರ ಆ ಹಿಂದಿನ ಸೀಟು ಸಾಲದು.

ಸಾಲದ ಮಾತು ಬಂದದ್ದರಿಂದ ಇನ್ನೊಂದನ್ನು ಖಡಾಖಂಡಿತ ಹೇಳಬೇಕು. ಹತ್ತು ವರ್ಷ ದಾಟಿದ ಕಾರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಹಳೇ ದೊಡ್ಡ ಕಾರುಗಳ ಬೆಲೆ ಇಷ್ಟು ಇಳಿದಿರುವುದಕ್ಕೆ ಅದೂ ಒಂದು ಕಾರಣ. ಹಾಗೆಂದು ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಯ ಕೈಸಾಲ ಎತ್ತಿ ಆಲ್ಟಿಸ್ ತರುವವನಿಗೆ ನನ್ನ ಮೇಲಿನ ಒಂದು ಲೆಕ್ಕವೂ ಅನ್ವಯಿಸುವುದಿಲ್ಲ. ಮೀಸಲು ಒಂದೂಕಾಲು ಲಕ್ಷವನ್ನು ಮುಟ್ಟಿ 'ಇನ್ನಷ್ಟು ಹೊಸಾ ಮಾಡೆಲ್' ತರುವವನಿಗೂ ಇಲ್ಲ. ನಾಲ್ಕು ಲಕ್ಷ ಇದ್ದವನು ಎರಡೂ ಮುಕ್ಕಾಲಿನ ಕಾರನ್ನೇ ನೋಡಬೇಕು. ಈ ವಾದ ನಿಂತಿರುವುದೇ ಅದರ ಮೇಲೆ.

ಕಾಗದಪತ್ರದಲ್ಲಿ ನಮ್ಮವರು ಮೋಸ ಹೋಗುವುದು ಮುಖ್ಯವಾಗಿ ಎರಡು ಕಡೆ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ಮೀರಿದ ಪೆಟ್ರೋಲ್ ಕಾರುಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿನ ಕಾರುಗಳು ಅಗ್ಗಕ್ಕೆ ಇತ್ತ ಹರಿದು ಬಂದವು. ಆದರೆ ಅವನ್ನು ಗದಗಿನಲ್ಲಿ ಕೆಎ 26 ನೋಂದಣಿ ಮಾಡಿಸಲು ಕಟ್ಟುವ ಆಜೀವ ತೆರಿಗೆಯ ಲೆಕ್ಕ ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆ ಮತ್ತು ಅದರ ವಯಸ್ಸಿನ ಮೇಲೆ. ಹೊಸದರಲ್ಲಿ ಹದಿನೈದು ಲಕ್ಷದ ಕಾರಿಗೆ ಅದು ಹಗುರವಲ್ಲ. ಎರಡನೆಯದು ಹದಿನೈದು ವರ್ಷದ ಆರ್‌ಸಿ. 2011ರ ಕಾರಿನ ನೋಂದಣಿ 2026ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ 5,000 ರೂಪಾಯಿ ಶುಲ್ಕ, ಮೇಲೆ ಹಸಿರು ತೆರಿಗೆ, ಗದಗಿನಲ್ಲಿ ಗಾಡಿ ತೋರಿಸುವ ಕೆಲಸ. ಮಾರುವವನೇ ಮಾಡಿಸಿಕೊಡಲಿ, ಇಲ್ಲವೇ ಬೆಲೆಯಲ್ಲಿ ಮುರಿಯಲಿ.

ನೀರು ಕುಡಿದ ಕಾರಿನ ಭಯ ನಮ್ಮ ಭಾಗಕ್ಕೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆಯ ಮನೆಗಳಿಗೆಲ್ಲ ನೀರು ನುಗ್ಗಿದ್ದನ್ನು ಕಂಡವರು ನಾವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಒಳತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಗೇ ಬಿಡಿ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ಟಿನ ಮುಗ್ಗಲು ವಾಸನೆ ಕೂಡ ಅದನ್ನೇ ಹೇಳುತ್ತವೆ. ಮೀಟರನ್ನು ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 'ಹೊಸಾ ಟೈರ್' ಎಂದವನ ಮಾತನ್ನು ಅಲ್ಲೇ ಪರೀಕ್ಷಿಸಬಹುದು.

ಮಳೆಗಾಲದಲ್ಲೂ ಎರಿ ಹೊಲಕ್ಕೆ ಗಾಡಿಯಲ್ಲೇ ಹೋಗುವವರು, ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರದ ಸೈಟುಗಳಿಗೆ ದಿನಾ ಓಡಾಡುವ ಗುತ್ತಿಗೆದಾರರು ಆಲ್ಟಿಸ್‌ನಂಥ ಕಾರಿನ ಹತ್ತಿರ ಬರುವುದೇ ಬೇಡ, ಅವರಿಗೆ ಬೊಲೆರೊ ಇದೆ. ಉಳಿದವರು ಒಂದು ಕಾರನ್ನು ಮೆಚ್ಚಿದ ಮೇಲೆ ಟೋಕನ್ ಕೊಡುವ ಮೊದಲು ಅದನ್ನು ಹುಬ್ಬಳ್ಳಿಗೆ ಒಯ್ದು, ಆ ಕಂಪನಿಯ ಕಾರನ್ನೇ ದಿನಾ ಬಿಚ್ಚುವ ಮಿಸ್ತ್ರಿಯ ಕೈಯಲ್ಲಿ ಲಿಫ್ಟಿಗೇರಿಸಿ ನೋಡಿಸಿರಿ. ಅದಕ್ಕೆ ಒಲ್ಲೆನೆನ್ನುವ ಮಾಲೀಕನ ಕಾರು ಎಷ್ಟು ಅಗ್ಗವಿದ್ದರೂ ಬಿಟ್ಟು ಬನ್ನಿ.