ನಂಬರಿನ ಬೆನ್ನು ಹತ್ತಿದ ದೂರು

ಕಾಟ ಕೊಡುವ ಕರೆಯನ್ನು ಜನರ ದೂರುಗಳು ಚೆನ್ನಾಗಿಯೇ ಹಿಡಿಯುತ್ತವೆ. ಮನೆ ಮುಳುಗಿಸುವ ಕರೆ ಅವುಗಳ ಕೈಗೆ ಸಿಗುವುದು ಅಪರೂಪ. ಕರೆ ಮಾಡಿದವರ ಗುರುತು ತೋರಿಸುವ ಟ್ರೂಕಾಲರ್ ಆ್ಯಪ್ ಮತ್ತು ಅದರ ಜಾಡಿನಲ್ಲಿ ಬಂದ ವ್ಯವಸ್ಥೆಗಳನ್ನು ಅಳೆಯುವಾಗ ಈ ವ್ಯತ್ಯಾಸದಿಂದಲೇ ಶುರುಮಾಡಬೇಕು.

2009ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಟ್ರೂಕಾಲರ್‌ಗೆ ಎಲ್ಲಕ್ಕಿಂತ ದೊಡ್ಡ ಮಾರುಕಟ್ಟೆ ಭಾರತ. ಅದು ಸುಮ್ಮನೆ ಆದದ್ದಲ್ಲ. ಪರ್ಸನಲ್ ಲೋನ್, ಸೈಟು, ಇನ್ಶೂರೆನ್ಸ್ ಎಂದು ಹೊತ್ತುಗೊತ್ತಿಲ್ಲದೆ ಬರುವ ಕರೆಗಳಿಂದ ಬೇಸತ್ತವರಿಗೆ, ಮಾರಾಟದ ಕರೆ ಬೇಡವೆನ್ನುವ ಡಿಎನ್‌ಡಿ ನೋಂದಣಿ ಕೊಡದ ನೆಮ್ಮದಿಯನ್ನು ಅದು ಕೊಟ್ಟಿತು. ಮಾರಾಟದವರು ಒಂದೇ ನಂಬರಿನಿಂದ ಊರೆಲ್ಲ ಕರೆ ಮಾಡುತ್ತಾರೆ. ಮೊದಲು ಸಿಕ್ಕವರು ‘ಸ್ಪ್ಯಾಮ್’ ಎಂದು ಒತ್ತಿದರೆ ಉಳಿದವರ ಪರದೆ ಕೆಂಪಾಗುತ್ತದೆ. ಗುರುತು ಪರಿಚಯ ಇಲ್ಲದವರು ಪರಸ್ಪರ ಮಾಡಿಕೊಳ್ಳುವ ಈ ಉಪಕಾರ ಸಣ್ಣದಲ್ಲ.

ವಂಚಕರ ದಾರಿ ಬೇರೆ. ಪೊಲೀಸರ ಸೋಗಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಒಬ್ಬರನ್ನೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ವಿಡಿಯೊ ಕರೆಯಲ್ಲಿ ಕೂರಿಸುತ್ತಾರೆ. ಯಾರಿಗೂ ಹೇಳಕೂಡದು ಎನ್ನುವುದೇ ಆ ಬೆದರಿಕೆಯ ಜೀವಾಳ. ದೂರು ಕೊಡಬೇಕಾದವರ ಬಾಯಿಯನ್ನೇ ಕಟ್ಟಿಹಾಕಿದ ಮೇಲೆ, ದೂರುಗಳನ್ನೇ ನೆಚ್ಚಿದ ವ್ಯವಸ್ಥೆಗೆ ಸುದ್ದಿ ಮುಟ್ಟುವುದು ಹಣ ಹೋದ ಬಳಿಕ; ಅಷ್ಟರಲ್ಲಿ ಆ ಸಿಮ್ ಬಿಸಾಡಿ ಆಗಿರುತ್ತದೆ. ಕಾಣಿಸುವ ನಂಬರು ಅಸಲಿಯೇ ಎಂಬ ಖಾತ್ರಿಯೂ ಇಲ್ಲ. ವಿದೇಶದಿಂದ ಬಂದು ಇಲ್ಲಿನ ನಂಬರಿನ ವೇಷ ಹಾಕುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು 2024ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ಇಲಾಖೆ ಚಾಲೂ ಮಾಡಿದಾಗ, 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು. ನಾವೆಲ್ಲ ಬೆರಳು ಸವೆಯುವಷ್ಟು ಒತ್ತಿದರೂ ಆಗದ ಕೆಲಸ ಅದು.

ನಂಬರು ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ಕೊರಿಯರ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಕೆವೈಸಿ ಅವಧಿ ಮುಗಿದಿದೆ, ದೂರಸಂಪರ್ಕ ನಿಯಂತ್ರಕ ಟ್ರಾಯ್‌ನವರು ನಿಮ್ಮ ನಂಬರ್ ಬಂದ್ ಮಾಡುತ್ತಾರೆ, 9 ಒತ್ತಿ. ಹಿಡಿಯಬೇಕಾದದ್ದು ಈ ಕಥೆಯನ್ನು. 2024ರ ಅಕ್ಟೋಬರ್‌ನಲ್ಲೇ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಇಂಥ ಒಂದು ಕರೆಯ ಧ್ವನಿಯನ್ನು ಕೇಳಿಸಲಾಯಿತು, ಆ ಕರೆ ಬಂದದ್ದು ನಮ್ಮ ವಿಜಯಪುರದವರಿಗೆ. ಅದು ಕೇಳುಗರಿಗೆ ಕೊಟ್ಟದ್ದು ನಂಬರನ್ನಲ್ಲ, ವಂಚಕ ಹೇಗೆ ಮಾತು ತೆಗೆಯುತ್ತಾನೆ, ಯಾವಾಗ ಗದರುತ್ತಾನೆ ಎಂಬುದನ್ನು. ಸಾವಿರ ಕೆಂಪು ಗುರುತುಗಳಿಗಿಂತ ಅದರ ಬೆಲೆ ಹೆಚ್ಚು ಎಂದೇ ನನ್ನ ಅಭಿಪ್ರಾಯ. 2024ರ ಮಾರ್ಚ್‌ನಲ್ಲಿ ಬಂದ ಸರ್ಕಾರದ ದೂರು ವ್ಯವಸ್ಥೆ ‘ಚಕ್ಷು’ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ನಂಬರಿನ ಜೊತೆಗೆ ಅದು ಮೋಸದ ಬಗೆಯನ್ನೂ ಕೇಳುತ್ತದೆ.

ನಂಬರಿಗೆ ಹಚ್ಚಿದ ಮಸಿ ತಪ್ಪು ಮುಖಕ್ಕೆ ಬೀಳುವುದೂ ಉಂಟು. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಹಳಬನ ಕುಖ್ಯಾತಿ ಹೊಸಬನ ಕೊರಳಿಗೆ ಬಿದ್ದರೆ ಕೇಳುವವರಿಲ್ಲ. ದಿನಕ್ಕೆ ಹತ್ತಾರು ಅಪರಿಚಿತರಿಗೆ ಫೋನ್ ಮಾಡಲೇಬೇಕಾದ ಡೆಲಿವರಿ ಹುಡುಗರ ಪಾಡು ಇನ್ನೂ ಕಷ್ಟದ್ದು. ಟ್ರೂಕಾಲರ್ ಆ್ಯಪನ್ನೇ ಹಾಕಿಕೊಳ್ಳದವರ ಹೆಸರೂ ಅದರಲ್ಲಿ ಕಾಣುತ್ತದೆ. ತೆಗೆಸಿಕೊಳ್ಳುವ ದಾರಿ ಇದೆ ನಿಜ, ಆದರೆ ತಾನು ಆ ಪಟ್ಟಿಯಲ್ಲಿದ್ದೇನೆ ಎಂಬುದೇ ಗೊತ್ತಿಲ್ಲದವರು ಅಲ್ಲಿಗೆ ಹೋಗುವುದು ಹೇಗೆ?

ನನಗೆ ಹೆಚ್ಚು ನೋವು ತರುವುದು ದೂರುಗಳು ಚೆಲ್ಲಾಪಿಲ್ಲಿಯಾಗಿರುವುದು. ಜಾಹೀರಾತಿನ ಕಾಟಕ್ಕೆ 1909, ಮೋಸದ ಶಂಕೆಗೆ ಚಕ್ಷು, ಹಣ ಹೋಗಿದ್ದರೆ 1930. ಗಾಬರಿಯಾದವರು ಯಾವ ಬಾಗಿಲು ಬಡಿಯಬೇಕು? ಟ್ರಾಯ್ 2025ರ ಫೆಬ್ರುವರಿಯಲ್ಲಿ ನಿಯಮ ಬಿಗಿ ಮಾಡಿತು. ನೋಂದಾಯಿಸದ ಮಾರಾಟಗಾರನ ಮೇಲೆ ಕ್ರಮಕ್ಕೆ ಮೊದಲು 7 ದಿನದಲ್ಲಿ 10 ದೂರು ಬೇಕಿತ್ತು, ಈಗ 10 ದಿನದಲ್ಲಿ 5 ಸಾಕು. ದೂರು ಕೊಡಲು 3 ದಿನದ ಬದಲು 7 ದಿನದ ಅವಕಾಶವಿದೆ. ಒಳ್ಳೆಯ ನಿಯಮ. ಆದರೆ ಆ 5ರ ಲೆಕ್ಕಕ್ಕೆ ಬರುವುದು ಟೆಲಿಕಾಂ ಕಂಪನಿಗೋ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ಗೋ ಕೊಟ್ಟ ದೂರು. ಖಾಸಗಿ ಆ್ಯಪ್‌ನಲ್ಲಿ ಸಾವಿರ ಜನ ‘ಸ್ಪ್ಯಾಮ್’ ಎಂದು ಒತ್ತಿದರೂ ಅಲ್ಲಿ ಅದು ಒಂದೂ ಅಲ್ಲ. ಒಂದೇ ಕರೆಯ ಬಗ್ಗೆ ಎರಡನೆಯ ಸಲ, ಬೇರೊಂದು ಕಡೆ, ದಿನಾಂಕ ಸಮೇತ ಬರೆದು ಕೊಡುವಷ್ಟು ವ್ಯವಧಾನವನ್ನು ಜನರಿಂದ ನಿರೀಕ್ಷಿಸುವುದು ಅನ್ಯಾಯ. ಒಮ್ಮೆ ಒತ್ತಿದ್ದು, ಒತ್ತಿದವರ ಒಪ್ಪಿಗೆ ಪಡೆದು, ನೇರವಾಗಿ ಟ್ರಾಯ್‌ನ ದೂರಾಗಿ ದಾಖಲಾಗುವಂತೆ ಮಾಡುವುದು ಆ್ಯಪ್ ಕಂಪನಿಗೂ ಸರ್ಕಾರಕ್ಕೂ ಸೇರಿದ ಕೆಲಸ.