ಅಂಕಣದ ಸುತ್ತ ಕುಳಿತವರು

ಮಧುಗಿರಿಯಿಂದ ಹಿಂದೂಪುರದ ಕಡೆಗೆ ಸಾಗುವ ಹಾದಿಯಲ್ಲಿರುವ ಕೊಡಿಗೇನಹಳ್ಳಿ ಎರಡು ಭಾಷೆಗಳ ಊರು. ಅಂಗಡಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಆರಂಭವಾದ ಮಾತು ತೆಲುಗಿನಲ್ಲಿ ಮುಗಿಯುವುದು ಅಲ್ಲಿ ಯಾರಿಗೂ ವಿಶೇಷವಾಗಿ ತೋರುವುದಿಲ್ಲ. ಆದರೆ 2016ರ ಮೇ 29ರ ರಾತ್ರಿ ಟೀ ಅಂಗಡಿಯೊಂದರ ಟಿ.ವಿ.ಯ ಮುಂದೆ ಆ ಊರು ಎರಡು ಪಾಳೆಯವಾಗಿ ಒಡೆದುದನ್ನು ನಾನು ಕಂಡೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಅಂತಿಮ ಪಂದ್ಯ. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಹೈದರಾಬಾದು. ಎಂಟು ರನ್ನುಗಳ ಅಂತರದಲ್ಲಿ ಬೆಂಗಳೂರು ಸೋತಾಗ ಬೆಂಚಿನ ಒಂದು ತುದಿಯಿಂದ ಒಂದು ಮಾತು ಹಾರಿತು, ಇನ್ನೊಂದು ತುದಿಯಿಂದ ಅದಕ್ಕಿಂತ ಕೆಟ್ಟ ಮಾತು ಮರಳಿ ಬಂದಿತು. ಹೊಲದ ಬದುಗಳೆರಡೂ ಒಂದಕ್ಕೊಂದು ತಾಗಿಕೊಂಡಿದ್ದ ಇಬ್ಬರು ಗೆಳೆಯರು ಅಂದಿನಿಂದ ಆ ವರ್ಷದ ಕಡಲೆಕಾಯಿ ಕೀಳುವ ಕಾಲದವರೆಗೂ ಮಾತು ಬಿಟ್ಟರು. ಅವರಿಬ್ಬರಲ್ಲಿ ಯಾರೂ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟನ್ನೂ ಕಂಡವರಲ್ಲ.

ಆಟ ನೋಡುವುದು ನಿರಪಾಯವಾದ ಸಂತೋಷವೇ, ಬುದ್ಧಿಯನ್ನು ಮಂಕಾಗಿಸುವ ಕಾಲಹರಣವೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲಿಯೂ ಏಳುತ್ತದೆ. ಹಿರಿಯರು ರಿಮೋಟನ್ನು ಕಿತ್ತುಕೊಂಡು ತೀರ್ಪು ಕೊಡುತ್ತಾರೆ; ಕಿರಿಯರು ಕುಡಿಯುತ್ತಿಲ್ಲ, ಕದಿಯುತ್ತಿಲ್ಲ, ಮನೆಯಲ್ಲೇ ಕುಳಿತಿದ್ದೇವಲ್ಲ ಎನ್ನುತ್ತಾರೆ. ಎರಡೂ ವಾದಗಳು ನನಗೆ ಅರ್ಧ ದಾರಿಯಲ್ಲೇ ನಿಂತುಬಿಟ್ಟಂತೆ ಕಾಣುತ್ತವೆ. ನೋಡುವುದೆಂದರೆ ಏನೂ ಮಾಡದೆ ಕುಳಿತಿರುವುದು ಎಂದೇ ಎರಡೂ ಕಡೆಯವರು ಭಾವಿಸಿದ್ದಾರೆ. ನೋಡುವವನಿಗೂ ಏನೋ ಆಗುತ್ತದೆ. ಏನಾಗುತ್ತದೆ ಎಂಬುದನ್ನು ವಿಚಾರಿಸುವ ವ್ಯವಧಾನ ಯಾರಿಗೂ ಇಲ್ಲ.

ಈ ವಿಚಾರವನ್ನು ಕ್ರೈಸ್ತ ಪರಂಪರೆ ಬಹು ಹಿಂದೆಯೇ ಎತ್ತಿಕೊಂಡಿತ್ತು. ಸುಮಾರು 1,800 ವರ್ಷಗಳ ಹಿಂದೆ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿದ್ದ ತೆರ್ತುಲಿಯನ್ ಎಂಬ ಮೇಧಾವಿ ಪ್ರದರ್ಶನಗಳನ್ನು ಕುರಿತು ಲತೀನ್ ಭಾಷೆಯಲ್ಲಿ ಒಂದು ಚಿಕ್ಕ ಗ್ರಂಥವನ್ನೇ ಬರೆದ. ರಥಗಳ ಓಟ, ನಾಟಕ, ಕತ್ತಿಮಲ್ಲರ ಕಾಳಗ ಯಾವುದನ್ನೂ ಅವನು ಬಿಟ್ಟಿಲ್ಲ. ಎಲ್ಲವೂ ವಿಗ್ರಹಾರಾಧನೆಯ ಬೇರಿನಿಂದ ಹುಟ್ಟಿದವು, ಎಲ್ಲವೂ ಉನ್ಮಾದವನ್ನು ಕೆರಳಿಸುವಂಥವು, ವಿಶ್ವಾಸಿಗಳಿಗೆ ಎಲ್ಲವೂ ವರ್ಜ್ಯ. ವಾದ ಬಿಗಿಯಾಗಿದೆ. ಆದರೆ ಪುಸ್ತಕದ ಕೊನೆಗೆ ಬಂದಾಗ ಓದುಗ ಬೆಚ್ಚಿಬೀಳುತ್ತಾನೆ. ಇವೆಲ್ಲವನ್ನೂ ಮೀರಿದ ಒಂದು ಮಹಾಪ್ರದರ್ಶನ ಬರಲಿದೆ, ಅದು ಅಂತಿಮ ತೀರ್ಪಿನ ದಿನ. ಅಂದು ರಾಜರೂ ತತ್ವಜ್ಞಾನಿಗಳೂ ನಟರೂ ಬೆಂಕಿಯಲ್ಲಿ ಬೇಯುವುದನ್ನು ಕಂಡು ತಾನು ನಲಿಯುವೆನೆಂದು ಅವನು ಹಿಗ್ಗುತ್ತಾನೆ. ಪ್ರೇಕ್ಷಕರ ಕ್ರೌರ್ಯವನ್ನು ಅಷ್ಟು ಉಗ್ರವಾಗಿ ಖಂಡಿಸಿದವನಿಗೆ ತನಗೊಂದು ಆಸನವನ್ನು ಕಾದಿರಿಸಿಕೊಳ್ಳದೆ ಇರಲಾಗಲಿಲ್ಲ! ಮಕ್ಕಳ ಟಿ.ವಿ.ಯನ್ನು ಆರಿಸಿ, ನೆರೆಮನೆಯ ಜಗಳವನ್ನು ಕಿಟಕಿಯಿಂದ ಇಣುಕಿ ನೋಡುವ ನಮ್ಮಂಥ ಹಿರಿಯರು ಈ ಪುಟವನ್ನು ಓದಬೇಕು.

ಸಂತ ಅಗಸ್ತೀನರ ಕಣ್ಣು ಇದಕ್ಕಿಂತ ಸೂಕ್ಷ್ಮವಾದುದು. ತಮ್ಮ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ಅವರು ಗೆಳೆಯ ಅಲಿಪಿಯಸ್ಸನ ಕಥೆಯನ್ನು ಹೇಳುತ್ತಾರೆ. ಕಾನೂನು ಕಲಿಯಲು ರೋಮಿಗೆ ಹೋಗಿದ್ದ ಅಲಿಪಿಯಸ್ ಕತ್ತಿಮಲ್ಲರ ಕಾಳಗವನ್ನು ಅಸಹ್ಯಪಡುತ್ತಿದ್ದವನು. ಸಹಪಾಠಿಗಳು ಒಂದು ದಿನ ಅವನನ್ನು ಬಲವಂತದಿಂದ ಎಳೆದೊಯ್ದರು. ದೇಹ ಇಲ್ಲಿದ್ದರೂ ಮನಸ್ಸು ಇಲ್ಲಿರದು ಎಂದು ಪಣ ತೊಟ್ಟು ಅವನು ಕಣ್ಣು ಮುಚ್ಚಿ ಕುಳಿತ. ಕಣ್ಣನ್ನೇನೋ ಮುಚ್ಚಿದ, ಕಿವಿಯನ್ನು ಮುಚ್ಚಲಿಲ್ಲ. ಯಾರೋ ಕೆಳಗೆ ಬಿದ್ದಾಗ ಇಡೀ ರಂಗಮಂಟಪ ಒಮ್ಮೆಲೇ ಬೊಬ್ಬಿಟ್ಟಿತು. ಏನಾಯಿತೆಂಬ ಕುತೂಹಲದಿಂದ ಕಣ್ಣು ತೆರೆದ. ಮುಂದೆ ಅವನೇ ಕಿರುಚಿದ, ಅವನೇ ಮತ್ತೆ ಮತ್ತೆ ಬಂದ, ಇತರರನ್ನೂ ಕರೆತಂದ. ಈ ಪ್ರಸಂಗದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಒಂದೇ. ಅಲಿಪಿಯಸ್ಸನನ್ನು ಗೆದ್ದದ್ದು ಕಣದಲ್ಲಿ ನಡೆದ ಆಟವಲ್ಲ, ಕಣದ ಸುತ್ತಲಿನ ಸದ್ದು. ಒಬ್ಬನಾಗಿ ಒಳಹೊಕ್ಕವನು ಗುಂಪಿನಲ್ಲಿ ಒಂದು ಧ್ವನಿಯಾಗಿಬಿಟ್ಟ. (ಇದೇ ಅಲಿಪಿಯಸ್ ಮುಂದೆ ತಗಾಸ್ತೆಯ ಧರ್ಮಾಧ್ಯಕ್ಷನಾದ ಎಂಬುದನ್ನೂ ಇಲ್ಲಿ ನೆನೆಯುವುದು ನ್ಯಾಯ.)

ಹಾಗಾದರೆ ನೋಡುವುದೇ ದೋಷವೇ? ಹಾಗೆನ್ನಲು ನನ್ನ ಬಾಲ್ಯ ಬಿಡುವುದಿಲ್ಲ. ನಮ್ಮ ಮನೆಯಲ್ಲಿದ್ದ ಟ್ರಾನ್ಸಿಸ್ಟರಿನಲ್ಲಿ ಕ್ರಿಕೆಟ್ ವಿವರಣೆ ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು, ಹಿಂದಿಯಲ್ಲಿ ಸ್ವಲ್ಪ ಹೊತ್ತು ಬರುತ್ತಿತ್ತು. ಎರಡನ್ನೂ ಅರಿಯದ ಅಜ್ಜ ಅದನ್ನು ಕಿವಿಗಿಟ್ಟುಕೊಂಡು, ಹೇಳುವವನ ಧ್ವನಿಯ ಏರಿಳಿತದಿಂದಲೇ ಯಾರೋ ಔಟಾದರೆಂದು ಸರಿಯಾಗಿ ಹೇಳುತ್ತಿದ್ದರು. ಚಂದ್ರಶೇಖರ್, ಪ್ರಸನ್ನ, ವಿಶ್ವನಾಥ್ ಎಂಬ ಹೆಸರುಗಳು ನೆಂಟರ ಹೆಸರುಗಳಂತೆ ಅವರ ಬಾಯಲ್ಲಿದ್ದವು. ಮಳೆ ಬಾರದ ವರ್ಷಗಳಲ್ಲಿ, ಬಾವಿಯ ನೀರು ತಳ ಕಂಡ ದಿನಗಳಲ್ಲಿ ಆ ಪೆಟ್ಟಿಗೆಯಿಂದ ಅವರಿಗೆ ದೊರೆತ ಹಗುರವನ್ನು ಕಾಲಹರಣವೆಂದು ಕರೆಯಲು ನನಗೆ ನಾಲಿಗೆ ಬಾರದು. ಬೆಳೆಯ ಲೆಕ್ಕವನ್ನು ಮರೆಯುವ ಕೆಲವು ಗಳಿಗೆಗಳೂ ಬದುಕಿಗೆ ಬೇಕು.

ಈ ಸೀಮೆಯ ಜನ ನೋಡುವುದರಲ್ಲಿ ಪಳಗಿದವರು ಕೂಡ. ಗುಬ್ಬಿ ವೀರಣ್ಣನವರನ್ನು ಕೊಟ್ಟ ಜಿಲ್ಲೆಯಿದು. ಸುಗ್ಗಿ ಮುಗಿದ ಮೇಲೆ ಇಂದಿಗೂ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವನ್ನು ಬೆಳಗಿನವರೆಗೆ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಹಾಡನ್ನು ಹೇಳುವ ದುರ್ಯೋಧನ ನಮ್ಮ ಬೀದಿಯವನೇ; ಹಗಲು ಹೊತ್ತು ಅವನ ಟ್ರಾಕ್ಟರಿನಲ್ಲೇ ನಮ್ಮ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಅವನು ಮಾತು ಮರೆತರೆ ಮುಂದಿನ ಸಾಲಿನಿಂದ ಯಾರಾದರೂ ಎತ್ತಿಕೊಡುತ್ತಾರೆ, ಚೆನ್ನಾಗಿ ಹಾಡಿದರೆ ಒನ್ಸ್ ಮೋರ್ ಎನ್ನುತ್ತಾರೆ. ಕಬಡ್ಡಿಯೂ ಹಾಗೆಯೇ. ಟ್ಯೂಬ್‌ಲೈಟುಗಳ ಬೆಳಕಿನಲ್ಲಿ ಅಂಕಣದ ಸುತ್ತ ನಿಂತು ಕೂಗುವ ನಡುವಯಸ್ಸಿನವರ ಮೊಣಕಾಲುಗಳನ್ನು ನೋಡಿರಿ: ಹಳೆಯ ಗಾಯಗಳ ಕಲೆ ಅಲ್ಲಿರುತ್ತದೆ. ಅವರು ತಾವು ಆಡಿದ ಆಟವನ್ನು ನೋಡುತ್ತಿದ್ದಾರೆ.

ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಓಟಗಾರನ, ಮುಷ್ಟಿಮಲ್ಲನ ಹೋಲಿಕೆಯನ್ನು ಕೊಟ್ಟದ್ದು ಆ ಪಟ್ಟಣದ ಬಳಿಯಲ್ಲೇ ನಡೆಯುತ್ತಿದ್ದ ಇಸ್ತ್‌ಮಿಯ ಕ್ರೀಡೆಗಳನ್ನು ಜನ ಬಲ್ಲವರಾಗಿದ್ದರಿಂದ. ಆ ಹೋಲಿಕೆಯಲ್ಲಿ ನೋಡುವವರಿಗೆ ಜಾಗವಿಲ್ಲ. ಜಾಗ ದೊರೆಯುವುದು ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ. ಅಲ್ಲಿ ನಾವು ಓಡುತ್ತಿದ್ದೇವೆ, ಸುತ್ತಲೂ ಸಾಕ್ಷಿಗಳು ಮೋಡದಂತೆ ಕವಿದಿದ್ದಾರೆ. ಹಿಂದಿನ ಅಧ್ಯಾಯವನ್ನು ಓದಿದವರಿಗೆ ಆ ಸಾಕ್ಷಿಗಳು ಯಾರೆಂಬುದು ತಿಳಿದಿದೆ: ಅಬ್ರಹಾಮ, ಮೋಶೆ, ತಮ್ಮ ಓಟವನ್ನು ತಾವೇ ಓಡಿ ಮುಗಿಸಿದವರು. ಕಬಡ್ಡಿ ಅಂಕಣದ ಸುತ್ತ ನಿಂತ ಆ ಕಲೆಗಟ್ಟಿದ ಮೊಣಕಾಲಿನವರಿಗೂ ಇವರಿಗೂ ಏನೋ ಸಂಬಂಧವಿದೆ ಎಂದು ನನಗೆ ಅನ್ನಿಸುತ್ತದೆ.

ಟಿ.ವಿ.ಯ ಮುಂದಿನ ನೋಟ ಇದರಿಂದ ಎಲ್ಲಿ ಬೇರೆಯಾಗುತ್ತದೆ? ಅಲ್ಲಿ ನೋಡುವವನೇ ಸರಕು. 2023ರಿಂದ 2027ರವರೆಗಿನ ಐದು ಐಪಿಎಲ್ ಋತುಗಳ ಪ್ರಸಾರದ ಹಕ್ಕು 2022ರಲ್ಲಿ 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಇಷ್ಟು ಹಣ ತೆತ್ತವರು ಕೊಂಡದ್ದು ಬ್ಯಾಟು ಚೆಂಡುಗಳನ್ನಲ್ಲ. ಕೊಡಿಗೇನಹಳ್ಳಿಯ ಬೆಂಚಿನ ಮೇಲೆ ಕುಳಿತ ನಮ್ಮ ಕಣ್ಣುಗಳನ್ನು. ಪ್ರತಿ ಓವರಿನ ನಡುವೆ ಆ ಕಣ್ಣುಗಳನ್ನು ಚಿಲ್ಲರೆಯಾಗಿ ಮಾರಲಾಗುತ್ತದೆ.

‘ನಮ್ಮದು’ ಎಂಬ ಮಾತನ್ನೂ ಸ್ವಲ್ಪ ಪರಿಶೀಲಿಸಬೇಕು. 2008ರಲ್ಲಿ ಬೆಂಗಳೂರು ತಂಡವನ್ನು 11 ಕೋಟಿ 16 ಲಕ್ಷ ಡಾಲರಿಗೆ ಕೊಂಡ ಮದ್ಯೋದ್ಯಮಿ ವಿಜಯ್ ಮಲ್ಯ ಅದಕ್ಕೆ ತಮ್ಮ ಕಂಪನಿಯ ವಿಸ್ಕಿಯ ಹೆಸರನ್ನು ಹೊಂದಿಸಿ ನಾಮಕರಣ ಮಾಡಿದರು. ಆ ಹೆಸರಿನ ಅಂಗಿಯನ್ನು ತೊಟ್ಟು ಹುಡುಗರು ಭಾನುವಾರದ ಬಲಿಪೂಜೆಗೆ ಬರುತ್ತಾರೆ. ಮದ್ಯಪಾನದ ವಿರುದ್ಧ ಉಪದೇಶವನ್ನು ತಲೆಬಾಗಿ ಕೇಳಿ ಹೋಗುತ್ತಾರೆ. ಅವರಿಗೆ ಅದು ಗೊತ್ತೂ ಇಲ್ಲ, ಅವರ ತಪ್ಪೂ ಅಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆ ತಂಡ ಕೊನೆಗೂ ಕಪ್ಪನ್ನು ಗೆದ್ದಾಗ ಆಡಿದ ಹನ್ನೊಂದು ಮಂದಿಯಲ್ಲಿ ಕರ್ನಾಟಕದ ರಣಜಿ ಆಟಗಾರ ಮಯಾಂಕ್ ಅಗರ್ವಾಲ್ ಒಬ್ಬರೇ. ದಾವಣಗೆರೆಯ ವಿನಯ್ ಕುಮಾರ್ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ಸತತವಾಗಿ ಎರಡು ಸಲ ರಣಜಿ ಟ್ರೋಫಿಯನ್ನು ಗೆದ್ದ ತಂಡ ಎಲ್ಲ ಅರ್ಥದಲ್ಲೂ ನಮ್ಮದಾಗಿತ್ತು. ಅದಕ್ಕಾಗಿ ನಮ್ಮ ಊರಿನಲ್ಲಿ ಒಂದು ಪಟಾಕಿಯೂ ಸಿಡಿಯಲಿಲ್ಲ. ನಾನೂ ಮರುದಿನದ ಪತ್ರಿಕೆಯಲ್ಲಿ ಓದಿ ಮಡಿಸಿಟ್ಟೆ. ದೂರುವ ಹಕ್ಕು ನನಗೂ ಇಲ್ಲ.

ಜೂಜಿನ ಮಾತನ್ನು ಇಲ್ಲಿ ಲಂಬಿಸುವುದಿಲ್ಲ. ಭಾರತ ತಂಡದ ಅಂಗಿಯ ಮೇಲೆಯೇ 2023ರಿಂದ ಎರಡು ವರ್ಷ ಹಣದ ಆಟದ ಕಂಪನಿಯೊಂದರ ಹೆಸರಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿದ ಮೇಲಷ್ಟೇ ಅದು ಮರೆಯಾಯಿತು. ಅಷ್ಟರಲ್ಲಿ ಯಾರ ಮನೆಯ ಒಡವೆ ಎಲ್ಲಿಗೆ ಹೋಯಿತೆಂಬುದು ಆಯಾ ಮನೆಯ ತಾಯಂದಿರಿಗೆ ಗೊತ್ತು. ಆಟಗಾರನ ಭಕ್ತಿಯನ್ನು ನಂಬಿ ಆಟವನ್ನು ನಂಬುವವರಿಗೆ ಮಾತ್ರ ಒಂದು ನೆನಪು: ಪಂದ್ಯಗಳ ವಿಷಯದಲ್ಲಿ ಜೂಜುಕೋರರಿಂದ ಹಣ ಪಡೆದೆನೆಂದು 2000ದಲ್ಲಿ ಒಪ್ಪಿಕೊಂಡ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ತನ್ನ ಕ್ರೈಸ್ತ ವಿಶ್ವಾಸವನ್ನು ಬಹಿರಂಗವಾಗಿ ಸಾರಿದ್ದವನು.

ಇಷ್ಟನ್ನೂ ಒಂದು ಸಾಮಾನ್ಯ ಚರ್ಚೆಯಾಗಿ ಬರೆದು ಮುಗಿಸಬಹುದಿತ್ತು. 2025ರ ಜೂನ್ 4 ಅದಕ್ಕೆ ಎಡೆಗೊಡುವುದಿಲ್ಲ. ಗೆದ್ದ ತಂಡ ಮರುದಿನವೇ ಬೆಂಗಳೂರಿಗೆ ಬಂದಿತು. ವಿಧಾನಸೌಧದ ಮೆಟ್ಟಿಲುಗಳ ಮೇಲೆ ಸನ್ಮಾನ, ಬಳಿಕ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಉತ್ಸವ. ಸುಮಾರು 35 ಸಾವಿರ ಜನ ಹಿಡಿಸುವ ಆ ಜಾಗದ ಸುತ್ತ ಎರಡು ಲಕ್ಷಕ್ಕೂ ಮೀರಿದ ಜನ ಸೇರಿದ್ದರೆಂದು ಸರಕಾರವೇ ಹೇಳಿತು. ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು. ಬಹುಪಾಲು ಮೂವತ್ತು ವರ್ಷ ದಾಟದವರು. ಶಾಲೆಗೆ ಹೋಗುವ ಒಬ್ಬ ಬಾಲಕಿಯೂ ಅವರಲ್ಲಿದ್ದಳು. ಹೊರಗೆ ಹೆಣಗಳು ಆಸ್ಪತ್ರೆ ಸೇರಿದ್ದಾಗ ಒಳಗೆ ಕಪ್ಪನ್ನು ಎತ್ತಿ ತೋರಿಸಲಾಯಿತು. ಆಮೇಲೆ ಬಂಧನಗಳಾದವು, ಅಮಾನತುಗಳಾದವು, ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗ ವಿಚಾರಣೆ ನಡೆಸಿತು.

ಬುದ್ಧಿಯಿಲ್ಲದ ಜನ ಎಂದು ಅಂದು ಸಂಜೆ ಹಲವರು ಸತ್ತವರನ್ನೇ ಬೈದರು. ಆ ಮಾತು ಕ್ರೂರವಾದುದು. ಬನ್ನಿರೆಂದು ಕರೆದವರು ಬೇರೆ, ಗೇಟು ಮುಚ್ಚಿದವರು ಬೇರೆ, ಲೆಕ್ಕ ಹಾಕಬೇಕಾಗಿದ್ದವರು ಬೇರೆ. ಮೈಮೇಲೆ ಬಿದ್ದ ಭಾರದಿಂದ ಉಸಿರು ಕಟ್ಟಿ ಸತ್ತವರ ತಲೆಗೆ ಹೊಣೆಯನ್ನೂ ಹೊರಿಸಬಾರದು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಂದು ಅಲ್ಲಿ ಆಟವೇ ಇರಲಿಲ್ಲ. ಆಟ ಹಿಂದಿನ ರಾತ್ರಿ ಎಷ್ಟೋ ದೂರದ ಊರಿನಲ್ಲಿ ಮುಗಿದಿತ್ತು. ಎರಡು ಲಕ್ಷ ಜನ ನೋಡಲು ಬಂದದ್ದು ಏನನ್ನು? ಅವರು ಬಂದದ್ದು ನೋಡಲಿಕ್ಕಲ್ಲ, ಆ ಸದ್ದಿನೊಳಗೆ ತಾವೂ ಇರಲಿಕ್ಕೆ. ಹದಿನೇಳು ಋತುಗಳ ಕಾಲ ಒಂಟಿ ಕೋಣೆಗಳಲ್ಲಿ, ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ ಸೋಲನ್ನು ಕಂಡವರಿಗೆ ಗೆಲುವಿನ ದಿನವಾದರೂ ಇನ್ನೊಬ್ಬರ ಹೆಗಲು ಬೇಕಾಗಿತ್ತು. ಆ ಹಸಿವು ಸುಳ್ಳಲ್ಲ. ಜಾತ್ರೆಯಲ್ಲಿ, ನಾಟಕದಲ್ಲಿ, ನಮ್ಮ ಪಾಲಕ ಸಂತರ ಹಬ್ಬದ ಮೆರವಣಿಗೆಯಲ್ಲಿ ಜನ ಅರಸುವುದೂ ಅದನ್ನೇ. ಆ ಹಸಿವಿಗೆ ಉಣಬಡಿಸಲು ನಮ್ಮ ಧರ್ಮಕೇಂದ್ರಗಳಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಎಷ್ಟೋ ಕಡೆ ದೇವಾಲಯದ ಮುಂದಿನ ಬಯಲಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಕಿ, ಮಕ್ಕಳು ಚೆಂಡಾಡಬಾರದೆಂದು ಫಲಕ ತೂಗುಹಾಕಿದ್ದೇವೆ. ಆಡಲು ಬಿಡದೆ, ನೋಡುವುದನ್ನು ಬೈಯುತ್ತಿದ್ದೇವೆ.

ಹುಡುಗನಾಗಿದ್ದಾಗ ಪೋಲೆಂಡಿನ ವಾದೊವಿತ್ಸೆಯಲ್ಲಿ ಗೋಲ್ ಕಾಯುತ್ತಿದ್ದವರು ಜಗದ್ಗುರು ಎರಡನೆಯ ಜಾನ್ ಪಾಲರು. 2000ದ ಅಕ್ಟೋಬರ್ 29ರಂದು ಅವರು ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕ್ರೀಡಾಪಟುಗಳ ಜೂಬಿಲಿಯ ಬಲಿಪೂಜೆಯನ್ನು ಅರ್ಪಿಸಿ, ಬಳಿಕ ಕುಳಿತು ಫುಟ್‌ಬಾಲ್ ಪಂದ್ಯವನ್ನು ನೋಡಿದರು. ಎಂಬತ್ತರ ವಯಸ್ಸು, ನಡುಗುವ ಕೈ. ಆ ನೋಟವನ್ನು ಯಾರು ತಾನೇ ಕಾಲಹರಣವೆಂದಾರು? ತೆರ್ತುಲಿಯನ್ ಅನ್ನುತ್ತಿದ್ದನೇನೋ.

ಮಾತು ಬಿಟ್ಟಿದ್ದ ಆ ಇಬ್ಬರು ಗೆಳೆಯರ ಕಥೆ ಅರ್ಧಕ್ಕೆ ನಿಂತಿದೆ. ಕಡಲೆಕಾಯಿ ಕೀಳಲು ಆ ವರ್ಷ ಆಳುಗಳು ಸಿಗಲಿಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರ ಮನೆಯವರು ಹೋಗಲೇಬೇಕಾಯಿತು. ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಮಾತು ತಾನಾಗಿ ಬಂದಿತು. 2025ರ ಜೂನ್ 3ರ ರಾತ್ರಿ ಇಬ್ಬರೂ ಅದೇ ಅಂಗಡಿಯ ಅದೇ ಬೆಂಚಿನ ಮೇಲೆ ಕುಳಿತು ಪಂದ್ಯ ನೋಡಿದರು. ಬೆಂಗಳೂರು ಆರು ರನ್ನುಗಳಿಂದ ಗೆದ್ದಾಗ ಹೈದರಾಬಾದಿನ ಕಡೆಯವನೇ ಎಲ್ಲರಿಗೂ ಟೀ ಹೇಳಿದ. ಮರುದಿನ ಬೆಂಗಳೂರಿಗೆ ಹೊರಡಲು ಸಿದ್ಧನಾಗಿದ್ದ ಇನ್ನೊಬ್ಬನ ಮಗನನ್ನು ತಾಯಿ ತಡೆದಳು, ಹೊಲ ಉಳಬೇಕೆಂಬ ನೆಪ ಹೇಳಿ. ಅವನು ಸಂಜೆಯವರೆಗೂ ಮುನಿಸಿಕೊಂಡು ಟ್ರಾಕ್ಟರ್ ಓಡಿಸಿದ. ಆರು ಗಂಟೆಗೆ ಮೊಬೈಲು ತೆಗೆದು ನೋಡಿದವನು ಹೊಲದ ನಡುವೆಯೇ ಎಂಜಿನ್ ಆರಿಸಿ ಬಹಳ ಹೊತ್ತು ಕುಳಿತಿದ್ದನಂತೆ.