ಶಾಲಾ ನಾಟಕ: ದೀಪದ ಸ್ವಿಚ್ಚು ಯಾರ ಕೈಯಲ್ಲಿ?

ಶಾಲೆಗಳ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗುವುದು ಕತೆ ಬರೆಯುವವರ ಪಾಲಿಗೆ ಬಂದಿರುವ ಕರ್ತವ್ಯಗಳಲ್ಲೊಂದು. ಹಾಗೆ ಹೋದ ಒಂದು ಪ್ರೌಢಶಾಲೆಯಲ್ಲಿ ನಾವು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ರಂಗರೂಪ ನೋಡಿದೆವು. ಮಕ್ಕಳು ಚೆನ್ನಾಗಿಯೇ ಕಲಿತಿದ್ದರು. ಆದರೆ ಜೋಗಿ ಕಿಂದರಿ ಎತ್ತಿದಾಗ ಸ್ಪೀಕರು 'ಕುಂಯ್' ಎಂದು ಅರಚಿತು. ನಾದ ಬರುವಷ್ಟರಲ್ಲಿ ಇಲಿಗಳೆಲ್ಲ ಹೊಳೆಗೆ ಬಿದ್ದಾಗಿತ್ತು. ಕೊನೆಯಲ್ಲಿ ಮಕ್ಕಳು ಬೆಟ್ಟದೊಳಗೆ ಮರೆಯಾಗುವ ಹೊತ್ತಿಗೆ ಮದುವೆ ಮನೆಯ ಕೆಂಪು ಹಸಿರು ದೀಪಗಳು ಗಿರಗಿರನೆ ತಿರುಗಿದವು. ಸಭೆ ನಕ್ಕಿತು. ಜೋಗಿಯಾಗಿದ್ದ ಹುಡುಗನ ಕಣ್ಣಲ್ಲಿ ನೀರು.

ಮೈಕು ನೋಡಿಕೊಳ್ಳುವವರು ಯಾರೆಂದು ವಿಚಾರಿಸಿದೆವು. "ಬಾಡಿಗೆಯವರು ಸರ್, ಪೆಂಡಾಲಿನ ಜೊತೆಗೇ ಬರ್ತಾರೆ" ಎಂದರು. ಆ ಮನುಷ್ಯನನ್ನು ದೂರುವುದು ನ್ಯಾಯವಲ್ಲ. ಅವನಿಗೆ ನಾಟಕದ ಪ್ರತಿಯನ್ನು ಯಾರೂ ಕೊಟ್ಟಿರಲಿಲ್ಲ, ಒಂದು ತಾಲೀಮಿಗೂ ಕರೆದಿರಲಿಲ್ಲ. ತಪ್ಪಿರುವುದು ನಮ್ಮ ಶಾಲಾ ರಂಗಭೂಮಿಯ ತಿಳಿವಳಿಕೆಯಲ್ಲಿ. ಬಣ್ಣ ಹಚ್ಚಿಕೊಂಡು ಮಾತಾಡುವವರದ್ದು ಮಾತ್ರ ನಾಟಕ, ಉಳಿದದ್ದು ಕುರ್ಚಿ ಶಾಮಿಯಾನದಂತೆ ಬಾಡಿಗೆಗೆ ತರುವ ಸಾಮಾನು ಎಂದು ನಾವು ನಂಬಿದ್ದೇವೆ. ಈ ನಂಬಿಕೆಯನ್ನೇ ನಾವು ಇಲ್ಲಿ ಪ್ರಶ್ನಿಸಬೇಕಾಗಿದೆ.

ಇದೇ ನಾಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜೋಗಿ ಎರಡು ಸಲ ಕಿಂದರಿ ನುಡಿಸುತ್ತಾನೆ. ಮೊದಲು ಇಲಿಗಳಿಗಾಗಿ, ಆಮೇಲೆ ಮಕ್ಕಳಿಗಾಗಿ. ಎರಡೂ ಸಲ ಒಂದೇ ನಾದವನ್ನು ಕೇಳಿಸಿದರೆ ನೋಡುವವರಿಗೆ ಇಲಿಗಳ ಗತಿ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಬೇರೆ ನಾದವಾದರೆ ಮಕ್ಕಳ ಹೊರಡುವಿಕೆ ಹಬ್ಬದಂತೆ ಕಾಣುತ್ತದೆ. ಯಾವುದು ಸರಿ? ಇದು ಗುಂಡಿ ಒತ್ತುವ ಪ್ರಶ್ನೆಯಲ್ಲ, ಕೃತಿಯನ್ನು ಓದುವ ಪ್ರಶ್ನೆ. ಹದಿನಾಲ್ಕು ವರ್ಷದ ವಿದ್ಯಾರ್ಥಿಯೊಬ್ಬ ಇದನ್ನು ತನ್ನ ಗೆಳೆಯರೊಂದಿಗೆ ಚರ್ಚಿಸಿ ತೀರ್ಮಾನಿಸಿದರೆ, ಆ ಪದ್ಯದ ಸಾರಾಂಶ ಬರೆದು ಐದಂಕ ಪಡೆದವನಿಗಿಂತ ಅವನೇ ಅದನ್ನು ಹೆಚ್ಚು ಅರಿತವನು.

ಇದನ್ನು ಕಲಿಸುವುದು ದೊಡ್ಡ ವಿದ್ಯೆಯೇನೂ ಅಲ್ಲ. ನಟರಿಗೆ ಕೊಡುವಂತೆ ಬೆಳಕಿನವರಿಗೂ ಧ್ವನಿಯವರಿಗೂ ಮೊದಲ ದಿನವೇ ನಾಟಕದ ಪ್ರತಿ ಕೊಡಬೇಕು. ಎಲ್ಲೆಲ್ಲಿ ದೀಪ ಬದಲಾಗಬೇಕು, ಯಾವ ಮಾತಿನ ಕೊನೆಗೆ ಸದ್ದು ಬರಬೇಕು ಎಂಬುದಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ ಸಂಖ್ಯೆ ಕೊಡಬೇಕು. ಎಷ್ಟು ಎಣಿಕೆಯಲ್ಲಿ ಮಂಕಾಗಬೇಕೆಂದು ಪಕ್ಕದಲ್ಲಿ ಬರೆಯಬೇಕು. ಒಬ್ಬರು 'ಸಿದ್ಧ' ಎನ್ನುತ್ತಾರೆ, ಆಮೇಲೆ 'ಈಗ' ಎನ್ನುತ್ತಾರೆ. ಆ ಮಾತು ಬರುವವರೆಗೆ ಕೈ ಕಾಯುತ್ತದೆ. ಮೈಕು ಸ್ಪೀಕರಿಗೆ ಎದುರಾಗಿದ್ದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಸುತ್ತಿ ಸುತ್ತಿ ಬೆಳೆದು ಅರಚಾಟವಾಗುತ್ತದೆ. ಆದ್ದರಿಂದ ಸ್ಪೀಕರು ಮುಂದೆ, ಸಭಿಕರತ್ತ ಮುಖ ಮಾಡಿ ಇರಬೇಕು. ಮೈಕು ಅದರ ಹಿಂದಿರಬೇಕು. ದೀಪ ಮೂಗಿನ ನೇರಕ್ಕಿದ್ದರೆ ಮುಖ ಚಪ್ಪಟೆಯಾಗಿ ಕಾಣುತ್ತದೆ. ಮುಂದಿನ ಎರಡೂ ಬದಿಯಿಂದ, ಮೇಲಿನಿಂದ ಓರೆಯಾಗಿ ಬಿದ್ದರೆ ಕಣ್ಣು, ಕೆನ್ನೆ, ಭಾವ ಎಲ್ಲ ಕಾಣುತ್ತವೆ. ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1932ರಲ್ಲಿ ಪುಸ್ತಕ ಬರೆದು ವ್ಯವಸ್ಥಿತಗೊಳಿಸಿದ ಈ ಕ್ರಮವನ್ನು ಶಾಲೆಯ ಎರಡು ದೀಪಗಳಲ್ಲೇ ಮಾಡಿ ತೋರಿಸಬಹುದು.

ಅಪಾಯವಿಲ್ಲವೇ ಎಂದು ಹೆಡ್‌ಮಾಸ್ತರರು ಕೇಳುತ್ತಾರೆ. ಇದೆ. 1000 ವ್ಯಾಟಿನ ಒಂದು ಹ್ಯಾಲೊಜೆನ್ ದೀಪ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಾಕೆಟ್ಟಿಗೆ ಅಂಥದ್ದು ಒಂದೇ ಸಾಕು, ಎರಡು ಹಾಕಿದರೆ ವೈರು ಕಾಯುತ್ತದೆ. ಈ ಲೆಕ್ಕ ಮಕ್ಕಳ ವಿಜ್ಞಾನದ ಪಠ್ಯದಲ್ಲಿಯೇ ಇದೆ. ಅದಕ್ಕೊಂದು ಅರ್ಥ ಬರುವುದು ಇಲ್ಲಿ. ಮುಖ್ಯ ಲೈನಿನ ಜೋಡಣೆ, ಏಣಿ ಹತ್ತುವ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ನದ್ದೇ ಆಗಿರಲಿ. ಡಿಮ್ಮರಿನ ಹಿಡಿ ಮಕ್ಕಳ ಕೈಯಲ್ಲಿರಲಿ. ಈಗ ಎಲ್‌ಇಡಿ ದೀಪಗಳು ಬಂದು ಬಿಸಿಯೂ ಕರೆಂಟಿನ ಹೊರೆಯೂ ಬಹಳ ಇಳಿದಿರುವುದರಿಂದ, ಭಯದ ನೆಪ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ಭಾರತೀಯ ರಂಗಭೂಮಿಯಲ್ಲಿ ಬೆಳಕಿನ ಮಾಂತ್ರಿಕರೆನಿಸಿದ ತಾಪಸ್ ಸೇನ್ (1924-2006) ಅವರಿಗೆ ದೆಹಲಿಯಲ್ಲಿ ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ ಈ ಗೀಳು ಹತ್ತಿತ್ತು. 1959ರಲ್ಲಿ ಕೋಲ್ಕತ್ತದ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ 'ಅಂಗಾರ್' ನಾಟಕಕ್ಕೆ ಅವರು ಬರಿಯ ಬೆಳಕಿನಿಂದಲೇ ಕಲ್ಲಿದ್ದಲ ಗಣಿಯೊಳಗೆ ನೀರು ಏರಿ ಕಾರ್ಮಿಕರನ್ನು ಮುಳುಗಿಸುವುದನ್ನು ತೋರಿಸಿದರು. ನಮ್ಮಲ್ಲಿ ಹೆಗ್ಗೋಡಿನ ನೀನಾಸಂ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದಲ್ಲಿ ನಟನೆ ಕಲಿಯಲು ಬಂದವರೂ ಬೆಳಕು, ರಂಗಸಜ್ಜಿಕೆಗಳನ್ನು ಕಲಿಯುತ್ತಾರೆ. ಅಲ್ಲಿ ಕಲಿತ ಹಲವರು ನಾಟಕ ಶಿಕ್ಷಕರಾಗಿದ್ದಾರೆ. ಅಂದರೆ ದಾರಿ ಇಲ್ಲವೆಂದಲ್ಲ, ಶಾಲೆಗಳು ಅದನ್ನು ಹಿಡಿದಿಲ್ಲ ಅಷ್ಟೆ.

ಇನ್ನು ನಮ್ಮ ಸಮುದಾಯದ ಮಾತು. ಮೈಕ್‌ಸೆಟ್, ಶಾಮಿಯಾನ, ವೈರಿಂಗ್ ಕಸುಬಿನಲ್ಲಿ ನಮ್ಮ ಮೊಹಲ್ಲಾಗಳ ಅದೆಷ್ಟೋ ಮನೆಗಳಿವೆ. ಜಾತ್ರೆಗೂ ಜಲ್ಸಾಗೂ ರಾಜ್ಯೋತ್ಸವಕ್ಕೂ ಅದೇ ಕೈಗಳು. ಆ ಮನೆಯ ಹುಡುಗ ಶಾಲೆಯಲ್ಲಿ ಹಿಂದಿನ ಬೆಂಚಿನ 'ದಡ್ಡ'. ಅವನ ಮಾಮು ವೇದಿಕೆಯ ಪಕ್ಕದಲ್ಲಿ ಯಂತ್ರದ ಮುಂದೆ ಕುಳಿತಿದ್ದರೂ ಇವನಿಗೆ ನಾಟಕದಲ್ಲಿ ಜಾಗವಿಲ್ಲ. ಮನೆಯಲ್ಲಿ ನೋಡಿ ಕಲಿತದ್ದು ಶಾಲೆಯ ಗೇಟು ದಾಟಿದೊಡನೆ ವಿದ್ಯೆ ಎನಿಸಿಕೊಳ್ಳುವುದಿಲ್ಲ.

ಆದರೆ ಇಲ್ಲೊಂದು ಎಚ್ಚರವೂ ಬೇಕು. ಇನ್ನೊಂದು ಶಾಲೆಯಲ್ಲಿ ಶಿಕ್ಷಕಿಯೊಬ್ಬರು ದೀಪ, ಧ್ವನಿಯನ್ನು ಮಕ್ಕಳಿಗೇ ಒಪ್ಪಿಸಿದ್ದರು. ದೀಪದ ಹೊಣೆ ಒಂಬತ್ತನೆಯ ತರಗತಿಯ ಹುಡುಗಿಯದು. ಉರ್ದು ಮನೆಮಾತಿನವಳು, ಪಾತ್ರ ಹಂಚುವ ದಿನ 'ಮಳೆ'ಯನ್ನು 'ಮಲೆ' ಎಂದಳೆಂದು ಉಳಿದವರು ನಕ್ಕಿದ್ದರಂತೆ. ಮನೆಯಲ್ಲಿ ಅಬ್ಬಾನೂ "ಸ್ಟೇಜ್ ಹತ್ತೋದು ಬೇಡ ಬೇಟಾ" ಎಂದಿದ್ದರು. ಹೀಗಾಗಿ ಅವಳು ದೀಪದ ಬಳಿ ಬಂದಳು. ಪ್ರದರ್ಶನದ ದಿನ ನಾವು ಅವಳ ಹಿಂದೆಯೇ ಕುಳಿತಿದ್ದೆವು. ಇಡೀ ನಾಟಕದ ಮಾತುಗಳು ಅವಳ ತುಟಿಯ ಮೇಲಿದ್ದವು. ನಟನೊಬ್ಬ ಮಾತು ಮರೆತು ನಿಂತಾಗ ಅವಳ ಕೈ ಹಿಡಿಯ ಮೇಲೆ ಅಲುಗದೆ ಕಾದಿತ್ತು. ಅವನಿಗೆ ಮಾತು ಸಿಕ್ಕಿದ ಮೇಲೆಯೇ ನೀಲಿ ಬೆಳಕು ಬಂತು.

ಎಲ್ಲರೂ ಅವಳನ್ನು ಹೊಗಳಿದರು, ನಾವೂ ಹೊಗಳಿದೆವು. ಮನೆಗೆ ಬಂದ ಮೇಲೆ ಕಸಿವಿಸಿಯಾಯಿತು. ಅಷ್ಟು ಮಾತು ಬಲ್ಲವಳನ್ನು ಕತ್ತಲಲ್ಲಿ ಕೂರಿಸಿ ಸಮಾಧಾನಪಟ್ಟೆವಲ್ಲ? ನಕ್ಕವರನ್ನು ತಿದ್ದಲಿಲ್ಲ, ಅವಳ ಅಬ್ಬಾನೊಂದಿಗೆ ಕುಳಿತು ಮಾತಾಡಲಿಲ್ಲ. ದೀಪದ ಕೆಲಸ ಉಚ್ಚಾರ ಸರಿಯಿಲ್ಲದವರನ್ನು, ಬುರ್ಖಾ ಮನೆಗಳ ಹೆಣ್ಣುಮಕ್ಕಳನ್ನು, ನಾಚುವವರನ್ನು ಬಚ್ಚಿಡುವ ಜಾಗವಾದರೆ ಅದು ಶಿಕ್ಷಣವಲ್ಲ, ಸಭ್ಯವಾದ ಬಹಿಷ್ಕಾರ. ಅಲ್ಲಿಗೆ ಬರುವವರು ಆರಿಸಿಕೊಂಡು ಬರಬೇಕು, ಬೇರೆ ಬಾಗಿಲು ಮುಚ್ಚಿದ್ದರಿಂದಲ್ಲ.

ನಮ್ಮ ಈ ತಕರಾರನ್ನು ಆ ಶಿಕ್ಷಕಿ ಸಿಟ್ಟಾಗದೆ ಕೇಳಿದರು. ಮರುವರ್ಷ ಒಂದು ನಿಯಮ ಮಾಡಿದರು. ಎರಡು ಕಿರುನಾಟಕಗಳು, ಒಂದರಲ್ಲಿ ನಟಿಸಿದವರು ಇನ್ನೊಂದಕ್ಕೆ ದೀಪ, ಧ್ವನಿ ನೋಡಬೇಕು. ಬಣ್ಣ ಬೇಡವೆನ್ನುವ ಮನೆಯವರನ್ನು ತಾಲೀಮಿಗೆ ಕರೆದು ಕೂರಿಸಿದರು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಅವಳ ಅಬ್ಬಾ ಒಪ್ಪಿದರು. ಅವಳು ಊರ ಗೌಡನ ಪಾತ್ರ ಮಾಡಿದಳು. ಹಿಂದಿನ ವರ್ಷ ನಕ್ಕಿದ್ದ ಹುಡುಗನೇ ಅವಳ ಮುಖಕ್ಕೆ ಬೆಳಕು ಬಿಡಬೇಕಾಗಿತ್ತು. ಅದಕ್ಕಾಗಿ ಅವನು ಅವಳ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಲೇಬೇಕಾಯಿತು.

ಪ್ರತಿಭಾ ಕಾರಂಜಿಯಲ್ಲಿ ಖವ್ವಾಲಿಗೂ ಜಾಗ ಕೊಟ್ಟಿರುವ ವ್ಯವಸ್ಥೆ ನಮ್ಮದು. ಅದು ಸಂತೋಷದ ಸಂಗತಿ. ಆದರೆ ಬಹುಮಾನ ಹಾಡಿದವರಿಗೆ, ಆಡಿದವರಿಗೆ ಮಾತ್ರ. ಸದ್ದನ್ನು ಹದವಾಗಿ ಸಭೆಗೆ ತಲುಪಿಸಿದ ವಿದ್ಯಾರ್ಥಿಗೂ ಒಂದು ಪ್ರಶಸ್ತಿ ಪತ್ರ ಏಕಿರಬಾರದು? ಶಾಲಾ ಆಡಳಿತ ಮಂಡಳಿಯವರು ಈ ವರ್ಷ ಇಷ್ಟಾದರೂ ಮಾಡಲಿ. ಬಾಡಿಗೆಯ ಮೈಕಿನವರನ್ನು ನಾಲ್ಕು ದಿನ ಮುಂಚೆಯೇ ಕರೆಸಿ, ಗುರುಗಳೆಂದು ಕೂರಿಸಿ, ಮಕ್ಕಳಿಗೆ ಕಲಿಸಲು ಹೇಳಲಿ. ಆಮಂತ್ರಣ ಪತ್ರಿಕೆಯಲ್ಲಿ ಪಾತ್ರಧಾರಿಗಳ ಹೆಸರಿನ ಕೆಳಗೆ 'ಮತ್ತಿತರರು' ಎಂದು ಮುಗಿಸದೆ ದೀಪ ಹಿಡಿದವರ, ಧ್ವನಿ ಕಾಯ್ದವರ ಹೆಸರನ್ನೂ ಅಚ್ಚು ಹಾಕಿಸಲಿ.